ಶಿಫಾರಸಿನ ಕಮಿಷನ್: ಮುಂಬಯಿಯ ಕನ್ನಡ ಬರಹಗಾರರಿಗೆ ಕೆಲವು ಲೆಕ್ಕಾಚಾರಗಳು

ಮುಂಬಯಿಯಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಶಾಲು, ಸ್ಮರಣಿಕೆ, ಫಲಪುಷ್ಪಗಳ ಕೊರತೆ ಎಂದೂ ಆದದ್ದಿಲ್ಲ. ಕೊರತೆ ಇರುವುದು ಹಣದ್ದು. ಅಂಕಣಕ್ಕೆ ಬರುವ ಗೌರವಧನ ಡೊಂಬಿವಲಿಯಿಂದ ಮಾಟುಂಗಾಕ್ಕೆ ಓಡಾಡುವ ರೈಲಿನ ಪಾಸಿಗೂ ಮಧ್ಯಾಹ್ನದ ಚಹಾಕ್ಕೂ ಸರಿಹೋಗುತ್ತದೆ, ಕವನ ಸಂಕಲನದ ಪ್ರತಿಗಳು ಮಂಚದ ಕೆಳಗೆ ಕಟ್ಟು ಬಿಚ್ಚದೆ ಉಳಿಯುತ್ತವೆ. ಆದುದರಿಂದ ಈಚೆಗೆ ಸಂಘದ ಸಭೆಗಳಲ್ಲಿ ಭೇಟಿಯಾಗುವ ಬರಹಗಾರ ಮಿತ್ರರು, ಅದರಲ್ಲೂ ಬ್ಯಾಂಕಿನಿಂದಲೋ ಶಾಲೆಯಿಂದಲೋ ನಿವೃತ್ತರಾಗಿ ಈಗಷ್ಟೇ ನಿಯಮಿತವಾಗಿ ಬರೆಯತೊಡಗಿದವರು, ಅಫಿಲಿಯೇಟ್ ಮತ್ತು ರೆಫರಲ್ ಎಂಬ ಎರಡು ಮಾತುಗಳನ್ನು ಹಿಡಿದುಕೊಂಡು ನನ್ನ ಬಳಿ ಬರುತ್ತಾರೆ. ಆರು ವರ್ಷಗಳಿಂದ ನಾನು ಇದನ್ನು ಮಾಡುತ್ತಿದ್ದೇನೆ. ಇದರಿಂದ ಮನೆ ನಡೆದಿಲ್ಲ, ಆದರೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚು ಮತ್ತು ಕೊಳ್ಳುವ ಪುಸ್ತಕಗಳ ಖರ್ಚು ಇದರಿಂದಲೇ ಹುಟ್ಟಿದೆ. ಅಷ್ಟು ಸಾಕೆನ್ನುವವರಿಗಾಗಿ ಈ ಬರಹ.

ಮೊದಲು ಕೆಲಸದ ಸ್ವರೂಪವನ್ನು ತಿಳಿಯಬೇಕು. ಅಫಿಲಿಯೇಟ್ ಎಂದರೆ ಒಂದು ಮಾರಾಟಗಾರ ಸಂಸ್ಥೆ ನಿಮಗೆ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ನೀವು ಹಂಚುವ ಲಿಂಕಿನ ಬಾಲದಲ್ಲಿ ಆ ಗುರುತು ಅಂಟಿಕೊಂಡಿರುತ್ತದೆ. ಓದುಗರು ಅದನ್ನು ಒತ್ತಿ ಅಂಗಡಿಗೆ ಹೋಗಿ ನಿಗದಿತ ಅವಧಿಯೊಳಗೆ ಕೊಂಡರೆ ಬೆಲೆಯ ಒಂದಂಶ ನಿಮಗೆ ಸಲ್ಲುತ್ತದೆ. ರೆಫರಲ್ ಇದಕ್ಕಿಂತ ಸ್ವಲ್ಪ ಬೇರೆ: ನೀವೇ ಬಳಕೆದಾರರಾಗಿರುವ ಒಂದು ಸೇವೆಗೆ ಇನ್ನೊಬ್ಬರನ್ನು ಕರೆತಂದಾಗ ನಿಮಗೆ ಒಂದು ನಿಶ್ಚಿತ ಮೊತ್ತವೋ ಚಂದಾದಲ್ಲಿ ವಿನಾಯಿತಿಯೋ ದೊರೆಯುತ್ತದೆ, ಅನೇಕ ವೇಳೆ ಬಂದವರಿಗೂ ಏನಾದರೂ ಸಿಗುತ್ತದೆ. ಅವಧಿಯ ವಿಷಯದಲ್ಲಿ ಹೊಸಬರು ಮೋಸಹೋಗುತ್ತಾರೆ. ಅಮೆಜಾನಿನ ಅಸೋಸಿಯೇಟ್ಸ್ ಯೋಜನೆಯಲ್ಲಿ ಲಿಂಕ್ ಒತ್ತಿದ 24 ಗಂಟೆಗಳ ಒಳಗೆ ವಸ್ತುವನ್ನು ಕಾರ್ಟಿಗೆ ಹಾಕಿದರೆ ಮಾತ್ರ ಅದು ನಿಮ್ಮ ಲೆಕ್ಕಕ್ಕೆ ಬರುತ್ತದೆ. ಬೇರೆ ಕೆಲವು ಯೋಜನೆಗಳಲ್ಲಿ ಈ ಅವಧಿ ಒಂದು ತಿಂಗಳವರೆಗೂ ಇರುವುದುಂಟು. ಓದುಗರು ನಡುವೆ ಇನ್ನೊಬ್ಬರ ಲಿಂಕನ್ನು ಒತ್ತಿದರೆ ಸಾಮಾನ್ಯವಾಗಿ ಕೊನೆಯ ಲಿಂಕಿನವರಿಗೆ ಕಮಿಷನ್ ಹೋಗುತ್ತದೆ. ಕೊಂಡ ವಸ್ತುವನ್ನು ಹಿಂತಿರುಗಿಸಿದರೆ ನಿಮ್ಮ ಖಾತೆಗೆ ಬಂದದ್ದೂ ಹಿಂತಿರುಗುತ್ತದೆ. ನಿಮ್ಮ ಲಿಂಕಿನಿಂದ ನೀವೇ ಕೊಳ್ಳುವಂತಿಲ್ಲ. ಹೊಸದಾಗಿ ಸೇರಿದವರು ಮೊದಲ 180 ದಿನಗಳಲ್ಲಿ ಕನಿಷ್ಠ 3 ಮಾರಾಟಗಳನ್ನಾದರೂ ತರದಿದ್ದರೆ ಅಮೆಜಾನ್ ಖಾತೆಯನ್ನು ಮುಚ್ಚುತ್ತದೆ. ಮತ್ತೆ ಅರ್ಜಿ ಹಾಕಬಹುದು, ಅದೇನೂ ಅವಮಾನವಲ್ಲ.

ಹಣ ಎಷ್ಟು?

ಇದನ್ನು ಕಾಗದದ ಮೇಲೆ ಬರೆದು ನೋಡಿಯೇ ಮುಂದುವರಿಯಬೇಕು. 250 ರೂಪಾಯಿಯ ಒಂದು ಕನ್ನಡ ಕಾದಂಬರಿಗೆ ಶೇ 5ರ ಕಮಿಷನ್ ಎಂದು ಹಿಡಿಯೋಣ. ಒಂದು ಪ್ರತಿಗೆ ನಿಮಗೆ ಬರುವುದು ಹನ್ನೆರಡೂವರೆ ರೂಪಾಯಿ. ನಿಮ್ಮ ಬರಹವನ್ನು ಐನೂರು ಮಂದಿ ಓದಿ, ಅವರಲ್ಲಿ ಐವತ್ತು ಮಂದಿ ಲಿಂಕ್ ಒತ್ತಿ, ನಾಲ್ವರು ಕೊಂಡರೆ ಐವತ್ತು ರೂಪಾಯಿ. ಸ್ಟೇಷನ್ನಿನ ಹೊರಗೆ ಎರಡು ವಡಾಪಾವ್ ತಿಂದು ಚಹಾ ಕುಡಿಯುವಷ್ಟರಲ್ಲಿ ಅದು ಮುಗಿಯುತ್ತದೆ. ಅದೇ ಐನೂರು ಓದುಗರಿಗೆ 5,000 ರೂಪಾಯಿಯ ಒಂದು ಗ್ರೈಂಡರಿನ ಬಗ್ಗೆ ನೀವು ಅನುಭವದಿಂದ ಬರೆದು ನಾಲ್ವರು ಕೊಂಡರೆ, ಅದೇ ಶೇ 5ರಂತೆ ಸಾವಿರ ರೂಪಾಯಿಯಾಗುತ್ತದೆ. ನಿಜವಾದ ದರಗಳು ವಸ್ತುವಿನ ವರ್ಗಕ್ಕೆ ತಕ್ಕಂತೆ ಬೇರೆಬೇರೆಯಾಗಿರುತ್ತವೆ ಮತ್ತು ಸಂಸ್ಥೆಗಳು ಅವನ್ನು ಆಗಾಗ ಬದಲಿಸುತ್ತವೆ, ಆದ್ದರಿಂದ ಬರೆಯುವ ಮೊದಲು ಆ ದಿನದ ದರಪಟ್ಟಿಯನ್ನು ನೋಡಿಕೊಳ್ಳಬೇಕು.

ಈ ಲೆಕ್ಕದಿಂದ ಕೆಲವರು ಪುಸ್ತಕ ಬಿಟ್ಟು ಮೊಬೈಲುಗಳ ಬಗ್ಗೆ ಬರೆಯಲು ಹೊರಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ದಾರಿ. ಮೊಬೈಲಿನ ಬಗ್ಗೆ ಬರೆಯಲು ದೊಡ್ಡ ಸಂಸ್ಥೆಗಳಿವೆ, ಅವುಗಳ ಎದುರು ಡೊಂಬಿವಲಿಯ ಕಥೆಗಾರನ ಮಾತನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ನಿಮ್ಮನ್ನು ಜನ ಈಗಾಗಲೇ ಏನು ಕೇಳುತ್ತಿದ್ದಾರೆ ಎಂಬುದರಿಂದ ಆರಂಭಿಸುವುದು ಮೇಲು. ಒಂದು ತಿಂಗಳು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ, ಫೋನಿನಲ್ಲಿ, ಮದುವೆಮನೆಯಲ್ಲಿ, ಯಕ್ಷಗಾನದ ನಡುವಿನ ಬಿಡುವಿನಲ್ಲಿ ನಿಮ್ಮನ್ನು ಯಾರು ಯಾವ ಸಲಹೆ ಕೇಳಿದರು ಎಂಬುದನ್ನು ಬರೆದಿಡಿ.

ನಾನು ಹಾಗೆ ಬರೆದಿಟ್ಟಾಗ ಹೊರಬಿದ್ದ ವಿಷಯ ನಾನು ನಿರೀಕ್ಷಿಸಿದ್ದಲ್ಲ. ಕಾದಂಬರಿ ಯಾವುದು ಓದಲಿ ಎಂದು ಕೇಳಿದವರು ಇಬ್ಬರೇ. ಹನ್ನೊಂದು ಮಂದಿ ಕೇಳಿದ್ದು ಒಂದೇ ಪ್ರಶ್ನೆಯನ್ನು: ಮನೆಯಲ್ಲಿ ಕನ್ನಡ ಅಥವಾ ತುಳು ಮಾತನಾಡುವ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಕಲಿಯುವ ಮಗುವಿಗೆ ಕನ್ನಡ ಅಕ್ಷರ ಕಲಿಸಲು ಯಾವ ಪುಸ್ತಕ ತರಿಸಲಿ? ಈ ನಗರದಲ್ಲಿ ಮಹಾನಗರ ಪಾಲಿಕೆಯ ಕನ್ನಡ ಶಾಲೆಗಳಿದ್ದವು, ಈಗಲೂ ಕೆಲವು ಇವೆ. ಆದರೆ ಹೆಚ್ಚಿನ ಮನೆಗಳ ಮಕ್ಕಳು ಅಲ್ಲಿಗೆ ಹೋಗುವುದಿಲ್ಲ. ಆ ತಂದೆತಾಯಿಯರಿಗೆ ಬೇಕಾದದ್ದು ಬೆಂಗಳೂರಿನ ಒಂದನೇ ತರಗತಿಯ ಪಠ್ಯವಲ್ಲ, ಏಕೆಂದರೆ ಅವರ ಮಗುವಿಗೆ ದೇವನಾಗರಿ ಆಗಲೇ ಗೊತ್ತು. ‘ಕ’ದ ಕಾಗುಣಿತದ ತರ್ಕ ಗೊತ್ತು, ಆಕಾರ ಮಾತ್ರ ಹೊಸದು. ಹೀಗಾಗಿ ವರ್ಣಮಾಲೆಯ ಪುಸ್ತಕಗಳನ್ನು ಒಂದೊಂದಾಗಿ ತರಿಸಿ, ಪಕ್ಕದ ಫ್ಲ್ಯಾಟಿನ ಹುಡುಗಿಯ ಮುಂದಿಟ್ಟು, ಅವಳು ಎಲ್ಲಿ ತಡವರಿಸುತ್ತಾಳೆ ಎಂದು ನೋಡಿ ಬರೆದ ಲೇಖನ ನನಗೆ ಇಂದಿಗೂ ಪ್ರತಿ ಜೂನ್‌ನಲ್ಲಿ, ಮತ್ತೆ ನವೆಂಬರಿನ ರಾಜ್ಯೋತ್ಸವದ ಹೊತ್ತಿಗೆ, ಅಲ್ಪಸ್ವಲ್ಪ ಕಮಿಷನ್ ತರುತ್ತಿದೆ. ಒಂದೊಂದು ಪುಸ್ತಕದ ಮೇಲೆ ಬರುವುದು ಆರೇಳು ರೂಪಾಯಿ. ಆದರೆ ಒಂದು ಮನೆಯವರು ಐದು ಪುಸ್ತಕ ಒಟ್ಟಿಗೆ ತರಿಸುತ್ತಾರೆ, ಮತ್ತು ಆ ಲಿಂಕಿನಿಂದ ಒಳಹೋದವರು ಅದೇ ಹೊತ್ತಿನಲ್ಲಿ ಪ್ರೆಶರ್ ಕುಕರಿನ ಗ್ಯಾಸ್ಕೆಟ್ಟನ್ನೋ ಮಳೆಗಾಲದ ಚಪ್ಪಲಿಯನ್ನೋ ಕೊಂಡರೆ ಅನೇಕ ಯೋಜನೆಗಳಲ್ಲಿ ಅದಕ್ಕೂ ಕಮಿಷನ್ ಸೇರುತ್ತದೆ.

ಒಂದು ತಪ್ಪು

ಮೂರನೇ ವರ್ಷ ನಾನು ಒಂದು ಇ-ರೀಡರಿನ ಬಗ್ಗೆ ಬಹಳ ಉತ್ಸಾಹದಿಂದ ಬರೆದೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಒಂದೇ ಕೈಯಲ್ಲಿ ಹಿಡಿದು ಓದಬಹುದು, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಕಣ್ಣಿಗೆ ಆಯಾಸವಿಲ್ಲ ಎಂದೆಲ್ಲ ಬರೆದದ್ದು ಸುಳ್ಳಾಗಿರಲಿಲ್ಲ. ನಾನು ಅದರಲ್ಲಿ ನಾಲ್ಕು ಇಂಗ್ಲಿಷ್ ಪುಸ್ತಕಗಳನ್ನು ಓದಿ ಮುಗಿಸಿದ್ದೆ. ಕನ್ನಡದ ಒಂದು ಪುಟವನ್ನೂ ತೆರೆದು ನೋಡಿರಲಿಲ್ಲ. ಎರಡು ತಿಂಗಳ ಬಳಿಕ ಒಂದು ಭಾನುವಾರದ ಪುಸ್ತಕ ಬಿಡುಗಡೆಯಲ್ಲಿ, ರಾತ್ರಿಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಷ್ಟ್ರೊಬ್ಬರು ಬಟ್ಟೆಯ ಚೀಲದಿಂದ ಆ ಯಂತ್ರವನ್ನು ಹೊರತೆಗೆದು ನನ್ನ ಕೈಗಿತ್ತರು. ತೆರೆಯ ಮೇಲೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ನಿಂತಿದ್ದವು; ‘ಕತ್ತಲೆ’ ಎಂಬ ಪದದಲ್ಲಿ ತಕಾರದ ಕೆಳಗೆ ಕೂರಬೇಕಾದ ಒತ್ತು ಪಕ್ಕಕ್ಕೆ ಸರಿದು ಅರ್ಧ ಅಕ್ಷರದಂತೆ ತೂಗುತ್ತಿತ್ತು. “ಅಲ್ಲ ಮಾರಾಯ್ರೆ, ನೀವು ಬರೆದದ್ದನ್ನು ನಂಬಿ ತೆಗೆದುಕೊಂಡೆ. ಇದರಲ್ಲಿ ನಾನು ಓದುವುದು ಹೇಗೆ?” ಎಂದು ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಹಿಂತಿರುಗಿಸುವ ಅವಧಿ ಮುಗಿದಿತ್ತು. “ತಪ್ಪು ನನ್ನದು ಮಾಷ್ಟ್ರೇ” ಎಂದು ಹೇಳಿ ಯಂತ್ರವನ್ನು ಅವರು ಕೊಟ್ಟ ಬೆಲೆಗೆ ನಾನೇ ಕೊಂಡುಕೊಂಡೆ. ಅದು ಈಗ ನನ್ನ ಮಗಳ ಬಳಿ ಇದೆ.

ದೊಡ್ಡ ಭಾಷೆಗಳಲ್ಲಿ ಬರೆಯುವವರಿಗೆ ತಮ್ಮ ಶಿಫಾರಸಿನಿಂದ ಸೋತವರ ಮುಖ ಕಾಣುವುದಿಲ್ಲ. ಮುಂಬಯಿಯ ಕನ್ನಡದಲ್ಲಿ ಬರೆಯುವವರಿಗೆ ಓದುಗ ಎಂದರೆ ಮುಂದಿನ ಭಾನುವಾರ ಸಭಾಗೃಹದ ಮೂರನೇ ಸಾಲಿನಲ್ಲಿ ಕುಳಿತಿರುವವರು, ನಿಮ್ಮ ಅತ್ತೆಯ ಊರಿನವರು, ಅಥವಾ ಎರಡೂ ಆಗಿರುವವರು. ಇಲ್ಲಿ ಒಂದು ಕೆಟ್ಟ ಶಿಫಾರಸು ಮಾಟುಂಗಾದಿಂದ ಮೀರಾ ರೋಡಿಗೆ ತಲಪಲು ಒಂದು ವಾರ ಸಾಕು. ಹಾಗೆಯೇ ಒಂದು ಒಳ್ಳೆಯ ಶಿಫಾರಸು ಕೂಡ ಜಾಹೀರಾತಿಲ್ಲದೆ ಅದೇ ದಾರಿಯಲ್ಲಿ ಸಾಗುತ್ತದೆ, ಮತ್ತು ಈ ಆದಾಯದ ಸಾಧ್ಯತೆಯೆಲ್ಲ ಅಲ್ಲೇ ಇರುವುದು. ಆ ಭಾನುವಾರದ ನಂತರ ನಾನು ಒಂದು ಕಟ್ಟುಪಾಡು ಹಾಕಿಕೊಂಡೆ: ಮೂರು ತಿಂಗಳು ನನ್ನ ಮನೆಯಲ್ಲಿ, ನನ್ನ ಓದುಗರು ಬಳಸುವ ರೀತಿಯಲ್ಲಿಯೇ ಬಳಸದ ವಸ್ತುವಿನ ಲಿಂಕನ್ನು ಕೊಡುವುದಿಲ್ಲ. ಪುಸ್ತಕವಾದರೆ ಕೊನೆಯ ಪುಟದವರೆಗೆ ಓದಿರಬೇಕು.

ಬರೆಯುವ ಬಗೆ

ಶಿಫಾರಸಿನ ಬರಹದಲ್ಲಿ ಹೊಗಳಿಕೆಗಿಂತ ಮುಖ್ಯವಾದ ವಾಕ್ಯ ಒಂದಿದೆ: ಇದನ್ನು ಯಾರು ಕೊಳ್ಳಬಾರದು ಎಂಬುದು. ವೆಟ್ ಗ್ರೈಂಡರಿನ ಬಗ್ಗೆ ನಾನು ಮೊದಲು ಬರೆದ ವಾಕ್ಯ ಹೀಗಿತ್ತು: “ಮೃದುವಾದ ಇಡ್ಲಿಗೆ ಇದಕ್ಕಿಂತ ಉತ್ತಮವಾದ ಗ್ರೈಂಡರ್ ಇಲ್ಲ, ಪ್ರತಿ ಮನೆಯಲ್ಲೂ ಇರಲೇಬೇಕು.” ಇಂಥ ವಾಕ್ಯವನ್ನು ಯಾರು ಬೇಕಾದರೂ, ಯಂತ್ರವನ್ನು ನೋಡದೆಯೂ, ಬರೆಯಬಹುದು. ಅದನ್ನು ಹರಿದುಹಾಕಿ ಮತ್ತೆ ಬರೆದದ್ದು ಹೀಗೆ: “ಎರಡು ಲೀಟರಿನ ಈ ಗ್ರೈಂಡರಿನಲ್ಲಿ ನಾಲ್ವರ ಮನೆಗೆ ಎರಡು ದಿನದ ಹಿಟ್ಟು ಆಗುತ್ತದೆ. ಉದ್ದು ಅರೆಯಲು ಸುಮಾರು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಹಾಲ್‌ನಲ್ಲಿ ಟಿವಿಯ ಮಾತು ಕೇಳಿಸುವುದಿಲ್ಲ. ಕಲ್ಲಿನೊಡನೆ ಪಾತ್ರೆಯನ್ನು ಎತ್ತಿ ತೊಳೆಯುವುದು ಭಾರದ ಕೆಲಸ. ಸೊಂಟನೋವು ಇರುವವರು ಕೊಳ್ಳಬೇಡಿ. ಅಡುಗೆಕಟ್ಟೆಯ ಮೇಲೆ ಇದಕ್ಕೆ ಖಾಯಂ ಜಾಗ ಕೊಡಲಾಗದ ಒಂದು ಕೋಣೆಯ ಮನೆಯವರೂ ಬೇಡ, ಏಕೆಂದರೆ ಮೇಲಿನ ಅಟ್ಟಕ್ಕೆ ಒಮ್ಮೆ ಹೋದ ಗ್ರೈಂಡರ್ ಕೆಳಗಿಳಿಯುವುದಿಲ್ಲ. ಮೀನಿನ ಸಾರಿಗೆ ತೆಂಗಿನಕಾಯಿ ಮಸಾಲೆ ಅರೆಯುವುದಷ್ಟೇ ನಿಮ್ಮ ಕೆಲಸವಾದರೆ ಒಳ್ಳೆಯ ಮಿಕ್ಸರೇ ಸಾಕು.” ಎರಡನೆಯದನ್ನು ಓದಿ ಲಿಂಕ್ ಒತ್ತಿದವರು ಕಡಿಮೆ, ಕೊಂಡವರು ಹೆಚ್ಚು, ಹಿಂತಿರುಗಿಸಿದವರು ನನ್ನ ಖಾತೆಯಲ್ಲಿ ಕಾಣುವಂತೆ ಒಬ್ಬರೂ ಇಲ್ಲ.

ಬೆಲೆಯನ್ನು ಅಂಕಿಯಲ್ಲಿ ಬರೆದಿಡಬೇಡಿ. ಬೆಲೆ ದಿನಕ್ಕೊಂದು ಬಗೆಯಾಗಿರುತ್ತದೆ, ಹಳೆಯ ಅಂಕಿಯನ್ನು ನಂಬಿ ಬಂದವರು ನಿಮ್ಮನ್ನು ಬೈಯುತ್ತಾರೆ, ಮೇಲಾಗಿ ಅಮೆಜಾನಿನಂಥ ಯೋಜನೆಗಳ ಕರಾರು ಕೈಯಿಂದ ಬರೆದ ಬೆಲೆಯನ್ನು ನಿಷೇಧಿಸುತ್ತದೆ. “ನಾಲ್ಕರಿಂದ ಆರು ಸಾವಿರದ ವರ್ಗದಲ್ಲಿ” ಎಂದು ನಿಮ್ಮ ಮಾತಿನಲ್ಲಿ ಹೇಳುವುದರಿಂದಲೂ ದೂರವಿರುವುದು ಕ್ಷೇಮ. ಅಂಗಡಿಯ ಪುಟದ ಚಿತ್ರಗಳನ್ನಾಗಲಿ ಗ್ರಾಹಕರ ಅಭಿಪ್ರಾಯಗಳನ್ನಾಗಲಿ ನಕಲು ಮಾಡಿ ಹಾಕಿಕೊಳ್ಳಬಾರದು. ನಿಮ್ಮ ಅಡುಗೆಮನೆಯ ಫೋಟೋ, ಹಿಟ್ಟು ಮೆತ್ತಿದ್ದರೂ ಸರಿ, ಅದಕ್ಕಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಮುದ್ರಿತ ಪುಸ್ತಕ, ಪಿಡಿಎಫ್, ಖಾಸಗಿ ಗುಂಪುಗಳ ಸಂದೇಶ ಇವುಗಳಲ್ಲಿ ಲಿಂಕ್ ಬಳಸುವುದಕ್ಕೆ ಹಲವು ಯೋಜನೆಗಳು ತಡೆ ಹಾಕುತ್ತವೆ, ಆದುದರಿಂದ ಕುಟುಂಬದ ವಾಟ್ಸಾಪ್ ಗುಂಪಿಗೆ ಲಿಂಕ್ ಎಸೆಯುವ ಮೊದಲು ಕರಾರಿನ ಆ ಕಲಮನ್ನು ಓದಬೇಕು. ಕರಾರು ಇಂಗ್ಲಿಷಿನಲ್ಲಿ ಇಪ್ಪತ್ತು ಪುಟ ಇರುತ್ತದೆ, ಓದುವುದು ಬೇಸರ, ಓದದೆ ಖಾತೆ ಕಳೆದುಕೊಂಡ ಇಬ್ಬರನ್ನು ನಾನು ಬಲ್ಲೆ.

ಹೇಳಿಯೇ ಹಣ ಪಡೆಯುವುದು

ನಿಮಗೆ ಕಮಿಷನ್ ಬರುತ್ತದೆ ಎಂಬುದನ್ನು ಓದುಗರಿಗೆ ತಿಳಿಸಬೇಕಾದದ್ದು ಸೌಜನ್ಯವಷ್ಟೇ ಅಲ್ಲ, ನಿಯಮ. ಮುಂಬಯಿಯಲ್ಲಿಯೇ ಕೇಂದ್ರ ಕಚೇರಿಯಿರುವ, 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯು ಸಾಮಾಜಿಕ ಮಾಧ್ಯಮಗಳಲ್ಲಿ ಹಣ ಪಡೆದು ಶಿಫಾರಸು ಮಾಡುವವರಿಗಾಗಿ 2021ರಲ್ಲಿ ಮಾರ್ಗಸೂಚಿ ಹೊರಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚಿತವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಅದರ ಪ್ರಕಾರ ಶಿಫಾರಸು ಎಂಬುದು ಪ್ರಾಮಾಣಿಕವಾದ, ಸದ್ಯದ ಅಭಿಪ್ರಾಯವಾಗಿರಬೇಕು ಮತ್ತು ವಸ್ತುವಿನ ಬಗ್ಗೆ ಸಾಕಷ್ಟು ಮಾಹಿತಿ ಅಥವಾ ಅನುಭವವನ್ನು ಆಧರಿಸಿರಬೇಕು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಸೂಚನೆಯಲ್ಲಿ ನಮಗೆ ನೇರವಾಗಿ ಸಂಬಂಧಿಸಿದ ಒಂದು ಮಾತಿದೆ: ಶಿಫಾರಸು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿಯೇ ಈ ತಿಳಿವಳಿಕೆಯೂ ಇರಬೇಕು. ಅಂದರೆ ಕನ್ನಡದ ಬರಹದ ಅಡಿಯಲ್ಲಿ ಇಂಗ್ಲಿಷಿನ ಒಂದು ಸಣ್ಣಕ್ಷರದ ಸಾಲನ್ನು ಅಂಟಿಸಿದರೆ ಸಾಲದು. ಹಣ ಮಾತ್ರವಲ್ಲ, ಉಚಿತವಾಗಿ ಬಂದ ವಸ್ತು, ರಿಯಾಯಿತಿ, ಪ್ರವಾಸ, ಮಾರುವವರೊಡನೆ ಇರುವ ನೆಂಟಸ್ತಿಕೆ, ಇವೆಲ್ಲವನ್ನೂ ಹೇಳಬೇಕಾಗುತ್ತದೆ. ದಾರಿತಪ್ಪಿಸುವ ಶಿಫಾರಸಿಗೆ 10 ಲಕ್ಷ ರೂಪಾಯಿವರೆಗೂ, ಮರುಕಳಿಸಿದರೆ 50 ಲಕ್ಷದವರೆಗೂ ದಂಡ ವಿಧಿಸಲು, ಮೊದಲ ಬಾರಿ ಒಂದು ವರ್ಷದವರೆಗೆ ಶಿಫಾರಸು ಮಾಡದಂತೆ ನಿರ್ಬಂಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಸಣ್ಣ ಬರಹಗಾರರ ಮನೆಗೆ ಇದು ಬರುವ ಸಂಭವ ಕಡಿಮೆ, ಆದರೆ ಒಂದು ಸಾಲು ಬರೆಯುವ ಶ್ರಮ ಅದಕ್ಕಿಂತಲೂ ಕಡಿಮೆ.

ನಾನು ಬರಹದ ತಲೆಯಲ್ಲಿ, ಮೊದಲ ಲಿಂಕಿಗಿಂತ ಮೇಲೆ, ಹೀಗೆ ಬರೆಯುತ್ತೇನೆ: “ಇದು ಕಮಿಷನ್ ಸಹಿತ ಶಿಫಾರಸು. ಇಲ್ಲಿರುವ ಲಿಂಕಿನಿಂದ ನೀವು ಕೊಂಡರೆ ಅಂಗಡಿಯವರು ನನಗೆ ಒಂದು ಪಾಲು ಕೊಡುತ್ತಾರೆ, ನಿಮಗೆ ಬೆಲೆ ಹೆಚ್ಚಾಗುವುದಿಲ್ಲ. ಈ ವಸ್ತುವನ್ನು ನಾನು ನನ್ನ ಹಣದಿಂದ ಕೊಂಡು ಬಳಸಿದ್ದೇನೆ.” ಕೊನೆಯ ವಾಕ್ಯ ನಿಜವಾದಾಗ ಮಾತ್ರ ಸೇರಿಸಬೇಕು. ಹೀಗೆ ಹೇಳಿದರೆ ಜನ ಲಿಂಕ್ ಬಿಟ್ಟು ನೇರವಾಗಿ ಅಂಗಡಿಗೆ ಹೋಗುತ್ತಾರೆಂದು ನನಗೂ ಭಯವಿತ್ತು. ಆದದ್ದು ಬೇರೆ. ಕೆಲವು ಓದುಗರು ಫೋನ್ ಮಾಡಿ, “ನಿಮಗೆ ನಾಲ್ಕು ಕಾಸು ಬರುವುದಾದರೆ ಬರಲಿ, ಆ ಲಿಂಕ್ ಇನ್ನೊಮ್ಮೆ ಕಳಿಸಿ” ಎಂದು ಕೇಳಿದ್ದಾರೆ.

ಪ್ರಕಾಶಕರೊಡನೆ ನೇರ ಮಾತು

ಪುಸ್ತಕಗಳ ಮಟ್ಟಿಗೆ ದೊಡ್ಡ ಆನ್‌ಲೈನ್ ಅಂಗಡಿಗಳಿಗಿಂತ ಪ್ರಕಾಶಕರೊಡನೆ ನೇರವಾಗಿ ಮಾಡಿಕೊಳ್ಳುವ ಒಪ್ಪಂದವೇ ಬರಹಗಾರರಿಗೆ ಲಾಭದಾಯಕ. ಪುಸ್ತಕದಂಗಡಿಗೆ ಪ್ರಕಾಶಕರು ಹೇಗೂ ಸೋಡಿ, ಅಂದರೆ ಬೆಲೆಯಲ್ಲಿ ರಿಯಾಯಿತಿ, ಕೊಡುತ್ತಾರೆ, ಮತ್ತು ಅದು ಅಫಿಲಿಯೇಟ್ ಯೋಜನೆಗಳ ಕಮಿಷನ್ನಿನ ಹಲವು ಪಟ್ಟು ಇರುತ್ತದೆ. ಅಂಗಡಿಯೇ ಇಲ್ಲದೆ ಮುಂಬಯಿಯ ಓದುಗರನ್ನು ನೀವು ತಂದುಕೊಟ್ಟರೆ ಅದರಲ್ಲಿ ಒಂದು ಪಾಲನ್ನು ನಿಮಗೂ ಇನ್ನೊಂದು ಪಾಲನ್ನು ಓದುಗರಿಗೂ ಹಂಚುವುದು ಅವರಿಗೆ ನಷ್ಟವಲ್ಲ. ನಾನು ಒಬ್ಬ ಪ್ರಕಾಶಕರಿಗೆ ಬರೆದ ಪತ್ರದಲ್ಲಿ ಮೂರು ವಿಷಯಗಳಷ್ಟೇ ಇದ್ದವು: ನನ್ನ ಬರಹಗಳನ್ನು ಎಷ್ಟು ಮಂದಿ, ಎಲ್ಲಿಂದ ಓದುತ್ತಾರೆ ಎಂಬುದು, ನನ್ನ ಹೆಸರಿನ ಒಂದು ರಿಯಾಯಿತಿ ಕೋಡ್ ಕೊಟ್ಟರೆ ಓದುಗರಿಗೆ ಶೇ 10 ಮತ್ತು ನನಗೆ ಶೇ 10 ಎಂಬ ಪ್ರಸ್ತಾಪ, ಮೂರು ತಿಂಗಳಿಗೊಮ್ಮೆ ಲೆಕ್ಕ ಮತ್ತು ಬ್ಯಾಂಕಿಗೆ ಹಣ ಎಂಬ ಕೋರಿಕೆ. ಅವರು ಒಪ್ಪಿದರು. 250 ರೂಪಾಯಿಯ ಪುಸ್ತಕಕ್ಕೆ ಹನ್ನೆರಡೂವರೆಯ ಬದಲು 25 ರೂಪಾಯಿ ಬಂತು, ಓದುಗರಿಗೂ 25 ರೂಪಾಯಿ ಉಳಿಯಿತು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ನಮ್ಮವರಲ್ಲಿ ಹಣದ ಮಾತನ್ನು ಬಾಯಿಮಾತಿನಲ್ಲಿ ಮುಗಿಸುವ ಸಂಕೋಚ ಬಹಳ. “ನಮ್ಮ ನಿಮ್ಮಲ್ಲಿ ಲೆಕ್ಕವೇನು ಬಿಡಿ” ಎಂದು ಯಾರಾದರೂ ಹೇಳಿದರೆ, ಆ ಲೆಕ್ಕ ಅಲ್ಲಿಗೇ ಮುಗಿಯಿತೆಂದು ತಿಳಿಯಬಹುದು. ಒಂದು ಇ-ಮೇಲ್ ಬರೆದು ಒಪ್ಪಿಗೆಯನ್ನೂ ಅದರಲ್ಲೇ ಪಡೆಯಿರಿ. ಎರಡನೆಯದು, ಯಾವ ಪ್ರಕಾಶಕರಿಂದ ಕಮಿಷನ್ ಪಡೆಯುತ್ತೀರೋ ಅವರ ಪುಸ್ತಕದ ವಿಮರ್ಶೆಯನ್ನು ಪತ್ರಿಕೆಗೆ ಬರೆಯುವಾಗ ಸಂಪಾದಕರಿಗೆ ಮೊದಲೇ ತಿಳಿಸಿ, ಅಥವಾ ಬರೆಯಬೇಡಿ. ನಾನು ಬರೆಯುವುದನ್ನೇ ಬಿಟ್ಟಿದ್ದೇನೆ. ಸ್ವಂತ ಪುಸ್ತಕಕ್ಕಾದರೆ ಈ ತೊಡಕಿಲ್ಲ. ನಿಮ್ಮ ಪುಸ್ತಕಕ್ಕೆ ರಾಯಲ್ಟಿಯ ಜೊತೆಗೆ ನಿಮ್ಮ ಲಿಂಕಿನ ಕಮಿಷನ್ನೂ ಸೇರುತ್ತದೆ, ಸಾಮಾನ್ಯವಾಗಿ ಯಾರೂ ಇದನ್ನು ನೆನೆಸಿಕೊಳ್ಳುವುದಿಲ್ಲ.

ಬರಹಗಾರರೇ ಬಳಸುವ ಸೇವೆಗಳ ರೆಫರಲ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವೆಬ್ ಹೋಸ್ಟಿಂಗ್, ಕರಡು ತಿದ್ದುವ ತಂತ್ರಾಂಶ, ಆಡಿಯೊ ಪುಸ್ತಕಗಳ ಚಂದಾ, ಬರವಣಿಗೆಯ ಆನ್‌ಲೈನ್ ತರಗತಿ ಇವೆಲ್ಲ ಒಮ್ಮೆಗೆ ನೂರಾರು ರೂಪಾಯಿ ಕೊಡುತ್ತವೆ, ಆದರೆ ಬರೆಯುವ ಮಿತ್ರರ ಸಂಖ್ಯೆ ಬೇಗ ತೀರಿಹೋಗುತ್ತದೆ. ಅಮೆರಿಕದ ಸಂಸ್ಥೆಗಳಾದರೆ ಡಬ್ಲ್ಯು-8ಬೆನ್ ಎಂಬ ತೆರಿಗೆ ಫಾರ್ಮ್ ತುಂಬಿಕೊಡಬೇಕಾಗುತ್ತದೆ.

ಮುಟ್ಟಬಾರದ ಬಾಗಿಲುಗಳು

ಕಮಿಷನ್ ಹೆಚ್ಚು ಇರುವ ಕಡೆ ಕಾನೂನೂ ಹೆಚ್ಚು ಇರುತ್ತದೆ. ಷೇರು ಖರೀದಿಯ ಸಲಹೆಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನೋಂದಣಿ ಬೇಕು. ನೋಂದಣಿಯಿಲ್ಲದೆ ಸಲಹೆ ಕೊಡುವವರೊಡನೆ ತನ್ನ ನಿಯಂತ್ರಣದಲ್ಲಿರುವ ಸಂಸ್ಥೆಗಳು ವ್ಯವಹಾರ ಇಟ್ಟುಕೊಳ್ಳದಂತೆ ಸೆಬಿ 2024ರ ಆಗಸ್ಟ್‌ನಲ್ಲಿ ನಿಯಮ ಬಿಗಿ ಮಾಡಿದೆ. ವಿಮೆಯನ್ನು ಕಮಿಷನ್‌ಗಾಗಿ ಮಾರಲು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳಂತೆ ಏಜೆಂಟನೋ ಮಾನ್ಯತೆ ಪಡೆದ ಮಾರಾಟ ಪ್ರತಿನಿಧಿಯೋ ಆಗಿರಬೇಕು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಒಂದು ಕಾಲಕ್ಕೆ ರೆಫರಲ್‌ಗೆ ಧಾರಾಳವಾಗಿ ಕೊಡುತ್ತಿದ್ದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಅಂಥ ಆಟಗಳನ್ನು ನಿಷೇಧಿಸಿದ್ದಲ್ಲದೆ ಅವುಗಳ ಜಾಹೀರಾತಿಗೂ ಜೈಲು ಮತ್ತು ದಂಡದ ಶಿಕ್ಷೆಯನ್ನು ಇಟ್ಟಿದೆ.

ಇನ್ನೊಂದು, ಚೈನ್ ಸಿಸ್ಟಮ್. ರೆಫರಲ್ ಎಂಬ ಹೆಸರಿನಲ್ಲಿಯೇ ಅದು ಬರುತ್ತದೆ, ಸಾಮಾನ್ಯವಾಗಿ ಊರಿನ ಪರಿಚಯ ಹೇಳಿಕೊಂಡು, ಹೋಟೆಲಿನಲ್ಲಿ ಒಂದು ಕಾಫಿಯ ನೆಪದಲ್ಲಿ. ಗುರುತಿಸುವುದು ಕಷ್ಟವಲ್ಲ. ಸೇರಲು ನೀವೇ ಹಣ ಕೊಡಬೇಕಾದರೆ, ಮತ್ತು ವಸ್ತು ಮಾರಿದ್ದಕ್ಕಿಂತ ಜನ ಸೇರಿಸಿದ್ದಕ್ಕೆ ಹಣ ಬರುವುದಾದರೆ, ಎದ್ದು ಬನ್ನಿ. ಕಾಫಿಯ ಬಿಲ್ಲನ್ನು ನೀವೇ ಕೊಟ್ಟರೂ ಲಾಭವೇ. ಹಣದ ಸರಪಳಿ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ, 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ಮತ್ತೆ ಹೆಸರಿಸಿ ತಡೆದಿವೆ. ನಿಜವಾದ ಅಫಿಲಿಯೇಟ್ ಯೋಜನೆ ಸೇರುವವರಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲ.

ತೆರಿಗೆ ಮತ್ತು ನೋಟ್‌ಬುಕ್

ಸರ್ಕಾರಿ, ರೈಲ್ವೆ ಅಥವಾ ಬ್ಯಾಂಕ್ ನೌಕರಿಯಲ್ಲಿ ಇನ್ನೂ ಇರುವವರು ಮೊದಲು ತಮ್ಮ ಸೇವಾ ನಡತೆ ನಿಯಮಗಳನ್ನು ನೋಡಬೇಕು. ಕೇಂದ್ರ ನೌಕರರಿಗೆ ಅನ್ವಯಿಸುವ 1964ರ ನಿಯಮಗಳು ಸಾಂದರ್ಭಿಕವಾಗಿ ಸಾಹಿತ್ಯ ಬರೆಯುವುದಕ್ಕೆ ಅಡ್ಡಿ ಮಾಡುವುದಿಲ್ಲ, ಆದರೆ ವ್ಯಾಪಾರಕ್ಕೆ ಪೂರ್ವಾನುಮತಿ ಕೇಳುತ್ತವೆ. ಕಮಿಷನ್ ಪಡೆಯುವುದು ಎರಡನೆಯ ಜಾತಿಗೆ ಸೇರುತ್ತದೆ. ಹೆಂಡತಿಯ ಹೆಸರಿನಲ್ಲಿ ಖಾತೆ ತೆರೆದರೆ ಮುಗಿಯಿತು ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಬರಹ ನಿಮ್ಮ ಹೆಸರಿನಲ್ಲಿ, ಹಣ ಅವರ ಹೆಸರಿನಲ್ಲಿ ಎಂಬ ಏರ್ಪಾಡು ಪ್ರಶ್ನೆ ಎದ್ದ ದಿನ ಇಬ್ಬರಿಗೂ ತೊಂದರೆ ಕೊಡುತ್ತದೆ.

ಒಂದು ಆರ್ಥಿಕ ವರ್ಷದಲ್ಲಿ ಒಂದು ಸಂಸ್ಥೆಯಿಂದ ಬರುವ ಕಮಿಷನ್ 20,000 ರೂಪಾಯಿ ಮೀರಿದರೆ ಅವರು ಶೇ 2ರಷ್ಟು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಳೆದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ. ಈ ಮಿತಿ 2025ರ ಏಪ್ರಿಲ್‌ನಿಂದ ಬಂದದ್ದು, ಮೊದಲು 15,000 ಇತ್ತು. ಪ್ಯಾನ್ ಕೊಡದಿದ್ದರೆ ಶೇ 20ರಷ್ಟು ಹಿಡಿಯುತ್ತಾರೆ. ಪ್ರಚಾರಕ್ಕಾಗಿ ಕೊಟ್ಟ ಉಚಿತ ವಸ್ತುಗಳ ಮೌಲ್ಯ ವರ್ಷಕ್ಕೆ 20,000 ದಾಟಿದರೆ ಅದಕ್ಕೂ ಶೇ 10ರ ಟಿಡಿಎಸ್ ಇದೆ, ಬಳಸಿ ಹಿಂತಿರುಗಿಸಿದ ವಸ್ತುವಿಗಿಲ್ಲ. ಬರಹಗಾರರು ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ ಗೌರವಧನ, ರಾಯಲ್ಟಿ, ಕಮಿಷನ್ ಮೂರನ್ನೂ ಒಂದೇ ಸಾಲಿನಲ್ಲಿ ತೋರಿಸುವುದು. ಹಳೆಯ ತೆರಿಗೆ ಪದ್ಧತಿಯಲ್ಲಿ ಸಾಹಿತ್ಯ ಕೃತಿಗಳ ರಾಯಲ್ಟಿಗೆ 3 ಲಕ್ಷದವರೆಗೆ ಸಿಗುವ ಕಡಿತ ಕಮಿಷನ್ನಿಗೆ ಸಿಗುವುದಿಲ್ಲ, ಮತ್ತು ಸಣ್ಣ ವ್ಯಾಪಾರಿಗಳಿಗಿರುವ ಅಂದಾಜು ಲಾಭದ ಸರಳ ಯೋಜನೆಯೂ ಕಮಿಷನ್ ಆದಾಯಕ್ಕೆ ಅನ್ವಯಿಸುವುದಿಲ್ಲ. ಆದರೆ ಆ ಆದಾಯಕ್ಕಾಗಿ ಮಾಡಿದ ಖರ್ಚನ್ನು, ಅಂದರೆ ಪರೀಕ್ಷಿಸಲು ಕೊಂಡ ಪುಸ್ತಕ, ಇಂಟರ್‌ನೆಟ್ಟಿನ ಒಂದಂಶ, ಇವನ್ನು ಬಿಲ್ಲುಗಳಿದ್ದರೆ ಕಳೆಯಬಹುದು. ಸೇವೆಗಳಿಂದ ಬರುವ ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಚಿಂತೆಯಿಲ್ಲ. ಕನ್ನಡ ಬರಹಗಾರರು ಆ ಚಿಂತೆಯನ್ನು ಸಂತೋಷದಿಂದ ಮಾಡುವ ದಿನ ಬಂದರೆ ಬರಲಿ.

ಹಣ ತಡವಾಗಿ ಬರುತ್ತದೆ. ಅಮೆಜಾನಿನಲ್ಲಿ ತಿಂಗಳು ಮುಗಿದು ಸುಮಾರು 60 ದಿನಗಳಾಗುತ್ತವೆ, ಅಂದರೆ ದೀಪಾವಳಿಯ ಮಾರಾಟದ ಹಣ ಸಂಕ್ರಾಂತಿಯ ಆಸುಪಾಸಿಗೆ. ಅಷ್ಟರಲ್ಲಿ ಯಾವ ಬರಹದಿಂದ ಏನು ಬಂತೆಂದು ಮರೆತುಹೋಗುತ್ತದೆ, ಆದುದರಿಂದ ಪ್ರತಿ ಬರಹಕ್ಕೂ ಬೇರೆ ಬೇರೆ ಟ್ರ್ಯಾಕಿಂಗ್ ಗುರುತು ಮಾಡಿಕೊಳ್ಳುವ ಸೌಲಭ್ಯವನ್ನು ಬಳಸಿ, ನೋಟ್‌ಬುಕ್ಕಿನಲ್ಲಿ ಗುರುತು, ತಾರೀಖು, ಮೊತ್ತ ಮೂರನ್ನು ಬರೆದಿಡಬೇಕು. ಅದೇ ನೋಟ್‌ಬುಕ್ ಹಿಡಿದು ಆರು ತಿಂಗಳಿಗೊಮ್ಮೆ ಹಳೆಯ ಬರಹಗಳನ್ನು ಒಂದೊಂದಾಗಿ ತೆರೆದು ಲಿಂಕುಗಳನ್ನು ಒತ್ತಿ ನೋಡುವುದು ಬೇಸರದ ಕೆಲಸ, ಆದರೆ ಬಿಡಬಾರದ ಕೆಲಸ. ಕಳೆದ ತಿಂಗಳು ನಾನು ನೋಡಿದಾಗ ಹದಿನಾಲ್ಕರಲ್ಲಿ ಐದು ಲಿಂಕುಗಳು ಸತ್ತಿದ್ದವು. ಗ್ರೈಂಡರಿನ ಆ ಮಾದರಿಯನ್ನು ತಯಾರಕರು ನಿಲ್ಲಿಸಿದ್ದರು; ಲಿಂಕ್ ಒತ್ತಿದರೆ ನಾನು ಎಂದೂ ಬಳಸದ ಬೇರೊಂದು ಗ್ರೈಂಡರ್ ಎದುರಾಗುತ್ತಿತ್ತು, ಅದರಿಂದ 310 ರೂಪಾಯಿ ಕಮಿಷನ್ನೂ ಬಂದಿತ್ತು. ಲಿಂಕನ್ನು ತೆಗೆದುಹಾಕಿ, ಆ ಜಾಗದಲ್ಲಿ “ಈ ಮಾದರಿ ಈಗ ಸಿಗುತ್ತಿಲ್ಲ, ಹೊಸದನ್ನು ನಾನು ಬಳಸಿಲ್ಲ” ಎಂದು ಬರೆದು ತಾರೀಖು ಹಾಕಿದೆ.